ದಾರಿನೇ ಕಾಣದಾಗ ದೇವರ ಮ್ಯಾಲೆ ಭಾರ ಹಾಕೋದು ಹೆಂಗ್ರಿ?

ಮಾನ್ವಿ ರೈತ: ಆರು ಎಕರೆ ತೊಗರಿಯಾಗ ಮಳಿ ನೀರು ನಿಂತೈತಿ, ಗಿಡ ಬಾಡಾಕತ್ತಾವ. ಬೆಳೆಸಾಲ ಬ್ಯಾರೆ, ಗೊಬ್ಬರದಂಗಡಿ ಉದ್ರಿ ಬ್ಯಾರೆ. ಹುಲಿಗೆಮ್ಮಗ ಹರಕಿ ಹೊರು ಅಂತಾರ ಮನ್ಯಾಗ. ಅದಕ್ಕೂ ಸಾಲನ ಮಾಡ್ಬೇಕು. ದೇವರನ್ನ ನಂಬೋದಂದ್ರ ಈಗ ಏನು ಮಾಡೋದು?

ದಾಸರ ಓದುಗ: ಸಾಲ ಮಾಡಿ ಹರಕಿ ಬ್ಯಾಡ್ರಿ ಅಣ್ಣಾ. "ಬೆಳಿ ಉಳಿಸು, ಇಷ್ಟು ಕೊಡ್ತೀನಿ" ಅಂದ್ರ ಅದು ವ್ಯಾಪಾರ ಆತು. ಬೆಳಿ ಹೋದ್ರ ನಂಬಿಕಿನೂ ಹೋಗ್ತೈತಿ, ಸಾಲ ಮಾತ್ರ ಉಳೀತೈತಿ. ನಿಮ್ಮ ಮಾನ್ವಿಯ ಹರಿದಾಸರು ಜಗನ್ನಾಥದಾಸರನ್ನ ನೆನಸ್ರಿ. ಹೊಟ್ಟಿಬ್ಯಾನಿಯಿಂದ ಅನ್ನ ಇಳೀದಂಗ ಆದಾಗ, ತಾವು ಹಗುರಾಗಿ ಕಂಡಿದ್ದ ವಿಜಯದಾಸರ ಹತ್ರನ ಹೋಗಿ ಕ್ಷಮಾ ಕೇಳಬೇಕಾತು. ವಿಜಯದಾಸರ ಶಿಷ್ಯ ಗೋಪಾಲದಾಸರು ಜೋಳದ ರೊಟ್ಟಿ ಕೊಟ್ಟು, ತಮ್ಮ ಆಯುಷ್ಯದಾಗಿನ 40 ವರ್ಷ ಧಾರಿ ಎರೆದ್ರು ಅಂತ ದಾಸ ಪರಂಪರೆ ಹೇಳ್ತೈತಿ. ಕೃಪಾ ಬಂದದ್ದು ಮನುಷ್ಯರ ಕೈಯಿಂದ, ರೊಟ್ಟಿಯಾಗಿ. ನೀವೂ ಬಾಯಿಬಿಟ್ಟು ನಾಲ್ಕು ಮಂದಿಗೆ ಹೇಳ್ರಿ.

ಎರಿಹೊಲ: ಫಸಲ್ ಬಿಮಾ (ಬೆಳಿ ವಿಮಾ) ಕಟ್ಟಿದ್ರ ನೀರು ನಿಂತ 72 ತಾಸಿನೊಳಗ 14447ಕ್ಕ ಫೋನ್ ಮಾಡ್ರಿ. ಸರ್ವೆ ನಂಬರ್ ಹೇಳಿ, ಹೊಲದ ಫೋಟೋ ಇಟ್ಕೊಳ್ರಿ. ಭಾಳ ಮಂದಿಗೆ ತಪ್ಪೋದು ಇಲ್ಲೇ: ನೀರು ಇಳೀಲಿ, ನೋಡೋಣು ಅಂತ ಕೂಡ್ತಾರ, ವ್ಯಾಳ್ಯಾ ಮೀರ್ತೈತಿ. ಇಳಿಜಾರಿನ ಕಡಿಗೆ ಬಸಿಗಾಲುವಿ ತೆಗೀರಿ. ನಿಂತ ನೀರಾಗ ಯೂರಿಯಾ ಚೆಲ್ಲಬ್ಯಾಡ್ರಿ. ಗಾಳಿ ಇಲ್ಲದ ಬೇರು ಅದನ್ನ ಎಳಕೊಳ್ಳಂಗಿಲ್ಲ. ನೀರು ಬಸಿದ ಮ್ಯಾಲೆ ಲೀಟರಿಗೆ 20 ಗ್ರಾಂ ಯೂರಿಯಾ ಕಲಸಿ ಎಲಿ ಮ್ಯಾಲೆ ಹೊಡೀರಿ.

ಮುನಿರಾಬಾದ್: ಹರಕಿ ಪೂರಾ ಬ್ಯಾಡ ಅನ್ನಾಕ ನನ್ನ ಮನಸ್ಸು ಒಪ್ಪಂಗಿಲ್ಲ. ಹುಲಿಗೆಮ್ಮನ ಗುಡಿ ಇರೋ ಹುಲಿಗ್ಯಾಗ ದೀಡ ನಮಸ್ಕಾರಕ್ಕ (ಮೈಚಾಚಿ ಅಡ್ಡಬೀಳ್ತಾ ಮುಂದ ಹೋಗೋದಕ್ಕ) ಮೈ ಸಾಕು, ರೊಕ್ಕ ಬೇಕಿಲ್ಲ. ಮಂಗಳವಾರ, ಶುಕ್ರವಾರ, ಹುಣ್ಣಿಮಿ ಬಿಟ್ಟು ಹೋದ್ರ ಗದ್ದಲ ಕಡಿಮಿ. ಅಲ್ಲಿತನಕ ಸಂಜಿ ದೀಪ ಹಚ್ಚಿ, "ಬಸಿಗಾಲುವಿ ತೆಗೆದೀನಿ, ಫೋನ್ ಮಾಡೀನಿ, ಬೇರು ಉಳಿಸೋದು ನನ್ನ ಕೈಯಾಗಿಲ್ಲ ತಾಯಿ" ಅಂತ ಬಾಯಿಬಿಟ್ಟು ಹೇಳ್ರಿ. ಭಾರ ಹಾಕೋದು ಆ ಕಡಿ ಮಾತಿಗೆ ಮಾತ್ರ. ಸಿಟ್ಟು ಬಂದ್ರ ಅದನ್ನೂ ಆಕಿಗೇ ಹೇಳ್ರಿ, ತಪ್ಪಿಲ್ಲ. ಜೀವ ಬ್ಯಾಡ ಅನಿಸಿದ್ರ ಮಾತ್ರ ಒಬ್ರೇ ಕೂಡಬ್ಯಾಡ್ರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕ ಫೋನ್ ಹಚ್ರಿ, ಕನ್ನಡದಾಗ ಮಾತಾಡ್ತಾರ, ರೊಕ್ಕ ಇಲ್ಲ.

ಮಾನ್ವಿ ರೈತ: ಭಾಳ ಉಪಕಾರ ಆತ್ರಿ. ನಾಳೆ ಮುಂಜಾನೆ ಫೋನ್ ಮಾಡ್ತೀನಿ.

ಎರಿಹೊಲ: ನೀರು ನಿಂತು ಎಷ್ಟು ತಾಸಾತ್ರಿ? ಇನ್ನೂ ಬೆಳಕೈತಿ, ಫೋಟೋ ಈಗ್ಲೇ ತೆಗೀರಿ.