ಮುಳ್ಳಯ್ಯನಗಿರಿಯಷ್ಟು ಎತ್ತರದ ಕಣ್ಣು

ವಾಟ್ಸಾಪ್ ಗುಂಪು: ಹಳೇಮನೆ ಬಳಗ
ಭಾನುವಾರ

ನಾನು, ಬೆಳಿಗ್ಗೆ 8.10
ಫಾರ್ವರ್ಡ್ ಆಗಿ ಬಂದ ಬರಹ: "ಇಪ್ಪತ್ತು ಸಾವಿರ ಕೋಟಿ ರೂಪಾಯಿಯ ವಿಮಾನವಾಹಕ ನೌಕೆಯನ್ನು ಕೆಲವೇ ಕೋಟಿಯ ಒಂದು ಕ್ಷಿಪಣಿ ಮುಳುಗಿಸಬಲ್ಲದು. ಡ್ರೋನ್ ಮತ್ತು ಕ್ಷಿಪಣಿಗಳ ಈ ಕಾಲದಲ್ಲಿ ಇಂಥ ಹಡಗು ಕಟ್ಟುವುದು ತೆರಿಗೆಯ ಹಣವನ್ನು ಸಮುದ್ರಕ್ಕೆ ಸುರಿದಂತೆ. ಮೂರನೆಯ ನೌಕೆ ನಮಗೆ ಬೇಡ. ಒಪ್ಪುವವರು ಹಂಚಿಕೊಳ್ಳಿ."

ನಾನು, ಬೆಳಿಗ್ಗೆ 8.14
ಈ ವಾದ ನನಗೆ ಸರಿ ಎನ್ನಿಸಿತು, ಅದಕ್ಕೇ ಇಲ್ಲಿ ಹಾಕಿದ್ದೇನೆ. ದಸರಾ ರಜೆಯಲ್ಲಿ ಕಾರವಾರಕ್ಕೆ ಹೋಗಿದ್ದಾಗ ಟ್ಯಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ಐಎನ್‌ಎಸ್ ಚಾಪಲ್ ಒಳಗೆ ನಾವೆಲ್ಲ ಇಳಿದಿದ್ದೆವು. ತಲೆ ತಗ್ಗಿಸದೆ ಒಂದು ಬಾಗಿಲನ್ನೂ ದಾಟಲಾಗದಷ್ಟು ಇಕ್ಕಟ್ಟಾದ, 245 ಟನ್ ತೂಕದ ಕ್ಷಿಪಣಿ ದೋಣಿ ಅದು. ಅದಕ್ಕಿಂತ ಸ್ವಲ್ಪ ಹಳೆಯದಾದ, ಅದೇ ಜಾತಿಯ ನಿಪಾತ್, ನಿರ್ಘಾತ್ ಮತ್ತು ವೀರ್ ಎಂಬ ಮೂರು ದೋಣಿಗಳು 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಹೊಸ್ತಿಲಿಗೇ ಹೋಗಿ, ಪಾಕಿಸ್ತಾನದ ಖೈಬರ್ ಎಂಬ ಡಿಸ್ಟ್ರಾಯರ್ ಯುದ್ಧನೌಕೆಯನ್ನು ಮುಳುಗಿಸಿ ಬಂದವು. ಐವತ್ತು ವರ್ಷಗಳ ಹಿಂದೆಯೇ ಚಿಕ್ಕ ದೋಣಿ ದೊಡ್ಡ ಹಡಗನ್ನು ಹೀಗೆ ಮುಗಿಸಿರುವಾಗ, ಈಗ 45,000 ಟನ್ನಿನ ಹಡಗು ಏತಕ್ಕೆ? ದೊಡ್ಡಪ್ಪ, ನೀವು ವಿರಾಟ್ ಎಂಬ ವಿಮಾನವಾಹಕ ನೌಕೆಯಲ್ಲಿ ಕೆಲಸ ಮಾಡಿದವರು, ನೀವೇ ಹೇಳಬೇಕು.

ಚಿಕ್ಕಪ್ಪ, ಸಕಲೇಶಪುರ, ಬೆಳಿಗ್ಗೆ 8.40
ಮಗು ಹೇಳಿದ್ದು ನನಗೂ ಒಪ್ಪಿಗೆ. ಅಣ್ಣ ಬೇಸರ ಮಾಡಿಕೊಳ್ಳಬಾರದು. ಹಿಂದೂ ಮಹಾಸಾಗರದ ನಡುವಿಗೆ ಚಾಚಿಕೊಂಡಿರುವ ನಮ್ಮ ದೇಶವೇ ಯಾರೂ ಮುಳುಗಿಸಲಾಗದ ವಿಮಾನವಾಹಕ ನೌಕೆ. 2020ರಿಂದ ತಂಜಾವೂರಿನಲ್ಲಿ ಬ್ರಹ್ಮೋಸ್ ಕ್ಷಿಪಣಿ ಹೊರಬಲ್ಲ ಸುಖೋಯ್ ವಿಮಾನಗಳ ದಳ ನಿಂತಿದೆ. ಅಂಡಮಾನ್ ನಿಕೋಬಾರಿನ ದಕ್ಷಿಣ ತುದಿಯಲ್ಲಿ ಐಎನ್‌ಎಸ್ ಬಾಜ್ ನೆಲೆ ಇದೆ. ಅಲ್ಲಿನ ರನ್‌ವೇ ಉದ್ದ ಮಾಡಿಕೊಂಡರೆ ಮಲಕ್ಕಾ ಜಲಸಂಧಿಯ ಬಾಯಿಯಲ್ಲೇ ಕುಳಿತಂತಾಗುತ್ತದೆ. ನೆಲದಿಂದ ಆಗುವ ಕೆಲಸಕ್ಕೆ ನೀರಿನ ಮೇಲೆ ಏಕೆ ಅಷ್ಟು ಹಣ ಹಾಕಬೇಕು?

ದೊಡ್ಡಪ್ಪ, ಹಾಸನ, ಬೆಳಿಗ್ಗೆ 9.25
ಬೇಸರವೇನೂ ಇಲ್ಲ. ಆದರೆ ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ, ಆದ್ದರಿಂದ ತಿಂಡಿ ಮುಗಿಸಿ ಕುಳಿತು ಬರೆಯುತ್ತಿದ್ದೇನೆ.

ಮೊದಲು "ಒಂದು ಕ್ಷಿಪಣಿ ಸಾಕು" ಎಂಬ ಮಾತು. ಕ್ಷಿಪಣಿ ಹಾರಿಸುವುದಕ್ಕೆ ಮುಂಚೆ ಹಡಗು ಎಲ್ಲಿದೆ ಎಂದು ಗೊತ್ತಾಗಬೇಕು. ನಮ್ಮ ಹೊಸ ವಿಮಾನವಾಹಕ ನೌಕೆ ವಿಕ್ರಾಂತ್ 28 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು 52 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಶತ್ರು ಅದನ್ನು ಒಮ್ಮೆ ಕಂಡು, ಒಂದು ಗಂಟೆ ಕಣ್ಣು ತಪ್ಪಿಸಿಕೊಂಡನೆಂದರೆ, ಆಮೇಲೆ 52 ಕಿಲೋಮೀಟರ್ ತ್ರಿಜ್ಯದ ವೃತ್ತದೊಳಗೆ ಎಲ್ಲಿ ಬೇಕಾದರೂ ಅದು ಇರಬಹುದು. ಆ ವೃತ್ತದ ವಿಸ್ತೀರ್ಣ ಸುಮಾರು 8,500 ಚದರ ಕಿಲೋಮೀಟರ್. ನಮ್ಮ ಇಡೀ ಹಾಸನ ಜಿಲ್ಲೆ ಸುಮಾರು 6,800. ಅರಸೀಕೆರೆಯಿಂದ ಹೆತ್ತೂರಿನವರೆಗೆ, ಬೇಲೂರಿನಿಂದ ಅರಕಲಗೂಡಿನವರೆಗೆ ಎಲ್ಲೋ ಒಂದು ಕಡೆ ನಿಲ್ಲದೆ ಓಡುತ್ತಿರುವ ಒಂದೇ ಒಂದು ಲಾರಿಯನ್ನು ಹುಡುಕಿದಂತೆ ಅದು. ಉಪಗ್ರಹಗಳು, ಡ್ರೋನುಗಳು ಈ ಹುಡುಕಾಟವನ್ನು ವರ್ಷದಿಂದ ವರ್ಷಕ್ಕೆ ಸುಲಭ ಮಾಡುತ್ತಿವೆ ಎಂಬುದನ್ನು ಒಪ್ಪುತ್ತೇನೆ. ಚೀನಾ ಇದಕ್ಕಾಗಿಯೇ ಡಿಎಫ್-21ಡಿ ಎಂಬ ಕ್ಷಿಪಣಿಯನ್ನು ಮಾಡಿಟ್ಟಿದೆ. ಆದರೂ 1945ರಿಂದ ಈಚೆಗೆ ಒಂದು ವಿಮಾನವಾಹಕ ನೌಕೆಯೂ ಯುದ್ಧದಲ್ಲಿ ಮುಳುಗಿಲ್ಲ. 2023ರ ಕೊನೆಯಿಂದ ಯೆಮೆನ್ ದೇಶದ ಹೂತಿ ಬಂಡುಕೋರರು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ಬ್ಯಾಲಿಸ್ಟಿಕ್ ಕ್ಷಿಪಣಿಗಳನ್ನೂ ಡ್ರೋನುಗಳನ್ನೂ ಹಾರಿಸಿದರು. ಸರಕು ಹಡಗುಗಳು ಮುಳುಗಿದವು, ಜನ ಸತ್ತರು, ಆದರೆ ಅಲ್ಲಿದ್ದ ಅಮೆರಿಕದ ವಿಮಾನವಾಹಕ ನೌಕೆಗಳಿಗೆ ಒಂದು ಏಟೂ ಬೀಳಲಿಲ್ಲ.

ದೊಡ್ಡಪ್ಪ, ಹಾಸನ, ಬೆಳಿಗ್ಗೆ 9.41
ಇನ್ನು ಕರಾಚಿಯ ವಿಷಯ. ಮಗಳೇ, ಆ ದೋಣಿಗಳ ಸಾಹಸಕ್ಕೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ. ಆದರೆ ಅವು ರಾತ್ರಿಯೇ ಏಕೆ ಹೋದವು ಎಂದು ಕೇಳಿಕೊಂಡೆಯಾ? ಹಗಲಿನಲ್ಲಿ ಪಾಕಿಸ್ತಾನದ ವಿಮಾನಗಳ ಕಣ್ಣಿಗೆ ಬಿದ್ದಿದ್ದರೆ ತಮ್ಮನ್ನು ಕಾಪಾಡಿಕೊಳ್ಳಲು ಅವುಗಳ ಬಳಿ ಹೆಚ್ಚೇನೂ ಇರಲಿಲ್ಲ. ಕತ್ತಲೆಯಲ್ಲಿ ನುಗ್ಗಿ, ಹೊಡೆದು, ಬೆಳಗಾಗುವ ಮೊದಲೇ ದೂರ ಹೋಗಿಬಿಡಬೇಕಿತ್ತು. ತಲೆಯ ಮೇಲಿನ ಆಕಾಶ ತಮ್ಮದಲ್ಲದವರು ಯುದ್ಧ ಮಾಡುವ ರೀತಿ ಅದು.

ಅದೇ ಡಿಸೆಂಬರ್ 4ರಂದು ಬಂಗಾಳ ಕೊಲ್ಲಿಯಲ್ಲಿ ಇದೇ ಹೆಸರಿನ ನಮ್ಮ ಹಳೆಯ ವಿಮಾನವಾಹಕ ನೌಕೆ ವಿಕ್ರಾಂತ್ ತನ್ನ ಸೀ ಹಾಕ್ ವಿಮಾನಗಳನ್ನು ಕಾಕ್ಸ್ ಬಜಾರ್ ಮತ್ತು ಚಿತ್ತಗಾಂಗ್ ಮೇಲೆ ಹಗಲಿನಲ್ಲೇ ಕಳಿಸಿತು. ಒಂದು ಬಾಯ್ಲರ್ ಬಿರುಕು ಬಿಟ್ಟು ಪೂರ್ತಿ ವೇಗದಲ್ಲಿ ಓಡಲಾಗದ ಸ್ಥಿತಿಯಲ್ಲಿದ್ದ ಹಡಗು ಅದು. ಆದರೂ ಪೂರ್ವ ಪಾಕಿಸ್ತಾನದ ಬಂದರುಗಳನ್ನು ಮುಚ್ಚಿ, ಅಲ್ಲಿನ ಸೈನ್ಯಕ್ಕೆ ಸಮುದ್ರದ ಕಡೆಯಿಂದ ಸಹಾಯ ಬರುವ ದಾರಿಯನ್ನೂ ತಪ್ಪಿಸಿಕೊಳ್ಳುವ ದಾರಿಯನ್ನೂ ಕಟ್ಟಿಹಾಕಿತು. ಅದನ್ನು ಹುಡುಕಿಕೊಂಡು ಬಂದ ಪಾಕಿಸ್ತಾನದ ಗಾಜಿ ಸಬ್‌ಮರೀನು ವಿಶಾಖಪಟ್ಟಣದ ಹತ್ತಿರ ತಾನೇ ಮುಳುಗಿಹೋಯಿತು. ವಿಕ್ರಾಂತ್ ಆಗ ಅಂಡಮಾನಿನ ಕಡೆ ಇತ್ತು.

ಅತ್ತೆ, ಚಿಕ್ಕಮಗಳೂರು, ಬೆಳಿಗ್ಗೆ 10.05
ಅಣ್ಣಾ, ನನಗೆ ಈ ಲೆಕ್ಕಗಳೆಲ್ಲ ತಿಳಿಯುವುದಿಲ್ಲ, ಆದರೆ ಒಂದು ಮಾತು ಕೇಳಲೇಬೇಕು. ಆ ಹಡಗಿನಲ್ಲಿ 1,600 ಜನ ಇರುತ್ತಾರಂತೆ. ನೀನು ಸಮುದ್ರದ ಮೇಲಿದ್ದಾಗ ಅಮ್ಮ ದಿನವೂ ಮಧ್ಯಾಹ್ನ ಪೋಸ್ಟ್‌ಮ್ಯಾನ್ ದಾರಿ ಕಾಯುತ್ತಾ ಜಗಲಿಯ ಮೇಲೆ ಕುಳಿತಿರುತ್ತಿದ್ದುದನ್ನು ನಾನು ನೋಡಿದ್ದೇನೆ. ಅಷ್ಟು ಮನೆಯ ಮಕ್ಕಳನ್ನು ಒಂದೇ ಕಡೆ ಇಡುವುದು ಸರಿಯೇ? ಒಂದು ಏಟು ಸಾಕಾದರೆ ಏನು ಗತಿ?

ದೊಡ್ಡಪ್ಪ, ಹಾಸನ, ಬೆಳಿಗ್ಗೆ 10.32
ತಂಗಿ ಕೇಳಿದ ಪ್ರಶ್ನೆಯೇ ಇಲ್ಲಿ ಎಲ್ಲಕ್ಕಿಂತ ದೊಡ್ಡದು, ಆ ಫಾರ್ವರ್ಡ್ ಬರಹದಲ್ಲಿ ಅದು ಇಲ್ಲವೇ ಇಲ್ಲ. ಹಡಗು ದೊಡ್ಡದೋ ಚಿಕ್ಕದೋ ಎಂಬುದರಿಂದ ಒಳಗಿನವರ ಜೀವ ಉಳಿಯುವುದಿಲ್ಲ. ಬರುತ್ತಿರುವ ಅಪಾಯ ಎಷ್ಟು ದೂರದಲ್ಲಿ ಕಾಣುತ್ತದೆ ಎಂಬುದರಿಂದ ಉಳಿಯುತ್ತದೆ.

ನಾನು ಕೆಲಸ ಮಾಡಿದ ವಿರಾಟ್ 1987ರಲ್ಲಿ ನಮ್ಮದಾಗುವ ಮೊದಲು ಬ್ರಿಟನ್ನಿನ ಹರ್ಮೀಸ್ ಆಗಿತ್ತು. 1982ರ ಫಾಕ್‌ಲ್ಯಾಂಡ್ ಯುದ್ಧಕ್ಕೆ ಹರ್ಮೀಸ್ ಮತ್ತು ಇನ್ವಿನ್ಸಿಬಲ್ ಎಂಬ ಎರಡು ನೌಕೆಗಳು ತಮ್ಮ ಊರಿನಿಂದ ಸುಮಾರು 13,000 ಕಿಲೋಮೀಟರ್ ದೂರ ಹೋಗಿದ್ದವು. ಅವು ಇಲ್ಲದಿದ್ದರೆ ಬ್ರಿಟನ್ನಿಗೆ ಅಲ್ಲಿ ಒಂದು ಯುದ್ಧವಿಮಾನವನ್ನೂ ಹಾರಿಸಲು ಆಗುತ್ತಿರಲಿಲ್ಲ, ಅರ್ಜೆಂಟೀನಾ ವಶಪಡಿಸಿಕೊಂಡಿದ್ದ ದ್ವೀಪವನ್ನು ಮರಳಿ ಪಡೆಯುವ ಮಾತೇ ಇರಲಿಲ್ಲ. ಅದೇ ಯುದ್ಧದಲ್ಲಿ ಅರ್ಜೆಂಟೀನಾದ ಬೆಲ್‌ಗ್ರಾನೊ ಕ್ರೂಸರನ್ನು ಬ್ರಿಟನ್ನಿನ ಒಂದು ಸಬ್‌ಮರೀನು ಮೇ 2ರಂದು ಮುಳುಗಿಸಿದ ಮೇಲೆ ಅರ್ಜೆಂಟೀನಾ ತನ್ನ ವಿಮಾನವಾಹಕ ನೌಕೆಯನ್ನು ಬಂದರಿಗೆ ಹಿಂದಕ್ಕೆ ಕರೆಸಿಕೊಂಡಿತು. ಸಬ್‌ಮರೀನಿನ ಭಯ ಎಂಥದ್ದು ಎಂಬುದಕ್ಕೆ ನಿನ್ನ ಪರವಾಗಿ ಈ ಉದಾಹರಣೆಯನ್ನು ನಾನೇ ಕೊಡುತ್ತಿದ್ದೇನೆ, ಮಗಳೇ.

ಎರಡು ದಿನ ಕಳೆದು ಮೇ 4ರಂದು ಬ್ರಿಟನ್ನಿನ ಶೆಫೀಲ್ಡ್ ಎಂಬ ಡಿಸ್ಟ್ರಾಯರಿಗೆ ವಿಮಾನದಿಂದ ಹಾರಿಸಿದ ಎಕ್ಸೋಸೆಟ್ ಕ್ಷಿಪಣಿ ಬಡಿಯಿತು. ನೀರಿಗೆ ತಾಗಿಕೊಂಡಂತೆ ಹಾರಿಬರುವ ಕ್ಷಿಪಣಿ ಅದು. ಭೂಮಿ ದುಂಡಗಿರುವುದರಿಂದ ಹಡಗಿನ ರೇಡಾರಿಗೆ ದಿಗಂತದ ಆಚೆಗಿನದು ಕಾಣುವುದಿಲ್ಲ. ಮೂವತ್ತು ಮೀಟರ್ ಎತ್ತರದ ಕಂಬದ ಮೇಲೆ ರೇಡಾರ್ ಇಟ್ಟರೂ, ನೀರಿನಿಂದ ಮೂರು ಮೀಟರ್ ಮೇಲೆ ಬರುವ ಕ್ಷಿಪಣಿ ಕಾಣಿಸುವುದು ಸುಮಾರು 30 ಕಿಲೋಮೀಟರಿಗೆ ಬಂದ ಮೇಲೆಯೇ. ಅಲ್ಲಿಂದ ಹಡಗಿಗೆ ಬಡಿಯಲು ಅದಕ್ಕೆ ಒಂದೂವರೆ ನಿಮಿಷ, ಹೆಚ್ಚೆಂದರೆ ಎರಡು ನಿಮಿಷ ಸಾಕು. ಈಗ ಅದೇ ರೇಡಾರನ್ನು ಮುಳ್ಳಯ್ಯನಗಿರಿಯಷ್ಟು, 1,930 ಮೀಟರ್ ಎತ್ತರಕ್ಕೆ ಏರಿಸಿದೆವು ಎಂದುಕೊಳ್ಳಿ. ಆಗ ಅದು ಸುಮಾರು 180 ಕಿಲೋಮೀಟರ್ ದೂರದ ನೀರಿನ ಮೇಲ್ಮೈಯನ್ನು ನೋಡುತ್ತದೆ. ಗಿರಿಯ ತುದಿಯಿಂದ ಮಂಗಳೂರು ನೇರವಾಗಿ ಅಳೆದರೆ ಸುಮಾರು 110 ಕಿಲೋಮೀಟರ್. ಅಂದರೆ ಊರನ್ನು ದಾಟಿ ಸಮುದ್ರದೊಳಗೆ ಇನ್ನೂ 70 ಕಿಲೋಮೀಟರ್. ಸಮುದ್ರದ ನಡುವೆ ಮುಳ್ಳಯ್ಯನಗಿರಿ ಇರುವುದಿಲ್ಲ, ಅದನ್ನು ಹೊತ್ತುಕೊಂಡು ಹೋಗುವುದೇ ವಿಮಾನವಾಹಕ ನೌಕೆಯ ಕೆಲಸ. ಬ್ರಿಟನ್ನಿನ ಆ ಎರಡು ನೌಕೆಗಳ ಮೇಲೆ ಆಗ ಹಾಗೆ ಮೇಲಿನಿಂದ ನೋಡುವ ರೇಡಾರ್ ವಿಮಾನ ಇರಲಿಲ್ಲ. ಶೆಫೀಲ್ಡಿನಲ್ಲಿ ಇಪ್ಪತ್ತು ಜನ ಸತ್ತರು. ಅದಾದ ಮೇಲೆಯೇ ಅವರು ಅವಸರದಲ್ಲಿ ಸೀ ಕಿಂಗ್ ಹೆಲಿಕಾಪ್ಟರಿಗೆ ರೇಡಾರ್ ಕಟ್ಟಿದ್ದು.

ತಂಗಿ, ನಿನ್ನ ಪ್ರಶ್ನೆಗೆ ನನ್ನ ಉತ್ತರ ಇದು: ಬೆಂಗಾವಲಿನ ಹಡಗುಗಳಲ್ಲೂ ನೂರಾರು ಮನೆಯ ಮಕ್ಕಳಿರುತ್ತಾರೆ. ಆಕಾಶದಲ್ಲಿ ತಮ್ಮದೊಂದು ಕಣ್ಣಿಲ್ಲದೆ ಅವರನ್ನು ದೂರದ ಸಮುದ್ರಕ್ಕೆ ಕಳಿಸುವುದು ಇನ್ನೂ ದೊಡ್ಡ ಅನ್ಯಾಯ.

ಚಿಕ್ಕಪ್ಪ, ಸಕಲೇಶಪುರ, ಬೆಳಿಗ್ಗೆ 11.10
ಇದು ಒಪ್ಪುವ ಮಾತು. ಆದರೆ ಅಣ್ಣ, ನಮ್ಮ ಎರಡು ನೌಕೆಗಳಲ್ಲಿ ಅಂಥ ಕಣ್ಣು ಇದೆಯೇ?

ದೊಡ್ಡಪ್ಪ, ಹಾಸನ, ಬೆಳಿಗ್ಗೆ 11.36
ಇದೆ, ಆದರೆ ಸಾಲದು. ನನಗೆ ನೋವಾಗುವ ಜಾಗವನ್ನೇ ಮುಟ್ಟಿದೆ. ವಿಕ್ರಮಾದಿತ್ಯ ಮತ್ತು ವಿಕ್ರಾಂತ್ ಎರಡರಲ್ಲೂ ಡೆಕ್ಕಿನ ಮೂತಿ ಮೇಲಕ್ಕೆ ಬಾಗಿರುತ್ತದೆ, ವಿಮಾನ ತನ್ನದೇ ಇಂಜಿನ್ನಿನ ಬಲದಿಂದ ಓಡಿ ಆ ಏರನ್ನು ಹತ್ತಿ ಜಿಗಿಯಬೇಕು. ಅಮೆರಿಕದ ಹಾಕ್‌ಐನಂಥ ಭಾರವಾದ, ನಿಧಾನವಾದ ರೇಡಾರ್ ವಿಮಾನಕ್ಕೆ ಅದು ಸಾಧ್ಯವಿಲ್ಲ, ಅದನ್ನು ಕವಣೆಯ ಕಲ್ಲಿನಂತೆ ಬೀಸಿ ಎಸೆಯುವ ಕ್ಯಾಟಪಲ್ಟ್ ಬೇಕು. ಆದ್ದರಿಂದ ನಾವು ಕಾಮೊವ್-31 ಹೆಲಿಕಾಪ್ಟರುಗಳನ್ನು ನೆಚ್ಚಿಕೊಂಡಿದ್ದೇವೆ. ಒಳ್ಳೆಯ ಯಂತ್ರವೇ, ಆದರೆ ಎರಡು ಎರಡೂವರೆ ಗಂಟೆಗೆ ಇಳಿಯಬೇಕು, ಹಾಕ್‌ಐ ಏರುವ ಎತ್ತರವನ್ನೂ ಅದು ಮುಟ್ಟುವುದಿಲ್ಲ. ಚೀನಾ 2025ರ ನವೆಂಬರಿನಲ್ಲಿ ಸೇವೆಗೆ ಸೇರಿಸಿದ ಫ್ಯೂಜಿಯಾನ್ ನೌಕೆಯಲ್ಲಿ ವಿದ್ಯುತ್ಕಾಂತೀಯ ಕ್ಯಾಟಪಲ್ಟ್ ಇದೆ, ರೇಡಾರ್ ವಿಮಾನವೂ ಅದರ ಮೇಲಿಂದ ಹಾರುತ್ತದೆ. ಮೂರನೆಯ ನೌಕೆ ಬೇಕೇ ಬೇಡವೇ ಎಂದು ಎಲ್ಲರೂ ಜಗಳವಾಡುತ್ತಾರೆ, ಅದರಲ್ಲಿ ಕ್ಯಾಟಪಲ್ಟ್ ಇರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಇಲ್ಲದಿದ್ದರೆ ನಾನೂ ನಿಮ್ಮ ಜೊತೆ ಸೇರಿ ಬೇಡ ಎನ್ನುತ್ತೇನೆ.

ತಂಜಾವೂರಿನ ಮಾತು. ಸುಖೋಯ್ ದೂರ ಹೋಗಿ ಹೊಡೆದು ಬರಬಲ್ಲದು, ನಿಜ. ಆದರೆ ಸಾವಿರಾರು ಕಿಲೋಮೀಟರ್ ಆಚೆ ಇರುವ ನಮ್ಮ ಸರಕು ಹಡಗುಗಳ ಮೇಲೆ ಹಗಲೂ ರಾತ್ರಿ ಕಾವಲು ನಿಲ್ಲಲು ಅದಕ್ಕೆ ಆಗುವುದಿಲ್ಲ. ಸಕಲೇಶಪುರದಿಂದ ಬಂದು ಹಾಸನದ ಗದ್ದೆಯ ಹಂದಿ ಓಡಿಸುತ್ತೇನೆ ಎಂದರೆ, ನೀನು ಬರುವಷ್ಟರಲ್ಲಿ ಪೈರು ಮುಗಿದಿರುತ್ತದೆ.

ನಾನು, ಮಧ್ಯಾಹ್ನ 12.05
ದೊಡ್ಡಪ್ಪ, ಹಣದ ಮಾತಿಗೆ ನೀವು ಉತ್ತರಿಸಲಿಲ್ಲ. ಇಪ್ಪತ್ತು ಸಾವಿರ ಕೋಟಿ ಸಣ್ಣದೇ?

ದೊಡ್ಡಪ್ಪ, ಹಾಸನ, ಮಧ್ಯಾಹ್ನ 12.30
ಸಣ್ಣದಲ್ಲ. ಆದರೆ ಆ ಬರಹ ಲೆಕ್ಕದಲ್ಲಿ ತಪ್ಪಿದೆ, ಹಡಗಿಗಿಂತ ವಿಮಾನ ದುಬಾರಿ. ವಿಕ್ರಾಂತ್ ಕಟ್ಟಲು 2009ರಿಂದ 2022ರವರೆಗೆ ಸುಮಾರು 20,000 ಕೋಟಿ ಆಯಿತು. ಅದರ ಉಕ್ಕು ನಮ್ಮದು, ಕೊಚ್ಚಿಯಲ್ಲಿ ಬೆಸುಗೆ ಹಾಕಿದ ಕೈಗಳೂ ನಮ್ಮವು. 2025ರ ಏಪ್ರಿಲಿನಲ್ಲಿ ಫ್ರಾನ್ಸಿನಿಂದ ಕೊಳ್ಳಲು ಒಪ್ಪಂದವಾದ, ನೌಕೆಯ ಮೇಲಿಂದ ಹಾರುವ 26 ರಫೇಲ್ ವಿಮಾನಗಳಿಗೆ ಸುಮಾರು 63,000 ಕೋಟಿ. ಹಡಗಿನ ಮೂರು ಪಟ್ಟು! ನಮ್ಮದೇ ಎರಡು ಇಂಜಿನ್ನಿನ ನೌಕಾ ವಿಮಾನ ಬೇಗ ಆಗಬೇಕು ಎಂದು ಆ ಬರಹ ಕೂಗಿದ್ದರೆ ನಾನೇ ಎಲ್ಲರಿಗೂ ಹಂಚುತ್ತಿದ್ದೆ.

ಹಣ ಕೊಟ್ಟರೂ ಕೂಡಲೇ ಸಿಗದದ್ದು ಒಂದಿದೆ. ವಿರಾಟ್‌ನಲ್ಲಿ ಬೆಳಗಿನ ಹಾರಾಟಕ್ಕೆ ಮುಂಚೆ ನಾವು ಡೆಕ್ಕಿನ ಅಗಲಕ್ಕೂ ಒಂದೇ ಸಾಲಾಗಿ ನಿಂತು, ತಲೆ ಬಗ್ಗಿಸಿ, ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ನಡೆಯುತ್ತಿದ್ದೆವು, ತೋಟದಲ್ಲಿ ಉದುರಿದ ಕಾಫಿ ಹಣ್ಣು ಹೆಕ್ಕುವವರು ಸಾಲು ಹಿಡಿದು ಹೋಗುವ ಹಾಗೆ. ಒಂದು ನಟ್ಟು, ಒಂದು ತಂತಿಯ ಚೂರು, ಬಣ್ಣದ ಒಂದು ಚಕ್ಕೆ ಬಿದ್ದಿದ್ದರೂ ಆರಿಸಿ ಜೇಬಿಗೆ ಹಾಕಿಕೊಳ್ಳಬೇಕು, ಏಕೆಂದರೆ ಸೀ ಹ್ಯಾರಿಯರಿನ ಇಂಜಿನ್ ಅದನ್ನು ಒಳಗೆ ಎಳೆದುಕೊಂಡರೆ ವಿಮಾನವೂ ಪೈಲಟ್ಟೂ ಉಳಿಯುವುದು ಅನುಮಾನ. ಮೊದಲ ವಾರ ನಾನು ಬರಿ ಡೆಕ್ಕು ನೋಡಿಕೊಂಡು ನಡೆದೆ. ನನ್ನ ಹಿಂದೆ ಬಂದ ಹಿರಿಯರೊಬ್ಬರು ನಾನು ದಾಟಿದ ಜಾಗದಿಂದಲೇ ಅಂಗಿಯ ಗುಂಡಿಯಷ್ಟು ದೊಡ್ಡ ಒಂದು ವಾಷರ್ ಎತ್ತಿ, ಮಾತಿಲ್ಲದೆ ನನ್ನ ಅಂಗೈಯಲ್ಲಿಟ್ಟರು. ಅವರು ಹಳೆಯ ವಿಕ್ರಾಂತಿನಲ್ಲಿ ಕಲಿತವರು. 1961ರಿಂದ ಹೀಗೆ ಕೈಯಿಂದ ಕೈಗೆ ಬಂದ ವಿದ್ಯೆ ಇದು. 1997ರಿಂದ 2013ರವರೆಗೆ ವಿರಾಟ್ ಒಂದೇ ಅದನ್ನು ಉಳಿಸಿಕೊಂಡಿತು. ಒಂದು ತಲೆಮಾರು ಬಿಟ್ಟರೆ ಮತ್ತೆ ಮೊದಲಿನಿಂದ ಕಲಿಯಬೇಕು, ಕಲಿಯುವಾಗ ಹುಡುಗರು ಸಾಯುತ್ತಾರೆ.

ಚಿಕ್ಕಪ್ಪ, ಸಕಲೇಶಪುರ, ಮಧ್ಯಾಹ್ನ 1.15
ಅಣ್ಣ, ಇಷ್ಟೆಲ್ಲ ಓದಿದ ಮೇಲೆ ಹಡಗೇ ಬೇಡ ಎನ್ನುವ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ. ಆದರೆ ಇನ್ನೊಂದು ಸಂಶಯ ಉಳಿದಿದೆ. ನೀರಿನಲ್ಲಿ ಮುಳುಗಿಸಿಟ್ಟ ಸಿಡಿಗುಂಡು (ಮೈನ್) ತೆಗೆಯುವ ನಮ್ಮ ನೌಕಾಪಡೆಯ ಕೊನೆಯ ಮೈನ್‌ಸ್ವೀಪರ್ ಹಡಗು 2019ರಲ್ಲಿ ನಿವೃತ್ತಿಯಾಯಿತು. ಕಾರವಾರದ ನೆಲೆಯ ಬಾಯಿಗೆ ಯಾರಾದರೂ ರಾತ್ರಿಯಲ್ಲಿ ನಾಲ್ಕು ಸಿಡಿಗುಂಡು ಮುಳುಗಿಸಿಟ್ಟು ಹೋದರೆ, ಅವನ್ನು ತೆಗೆದು ದಾರಿ ಮಾಡಿಕೊಡುವವರು ಯಾರು? ಅಲ್ಲಿಯವರೆಗೆ ವಿಕ್ರಮಾದಿತ್ಯ ಒಳಗೇ ನಿಂತಿರಬೇಕಲ್ಲವೇ?

ದೊಡ್ಡಪ್ಪ, ಹಾಸನ, ಮಧ್ಯಾಹ್ನ 2.20
ಊಟ ಮಾಡುತ್ತಾ ಇದನ್ನೇ ಯೋಚಿಸಿದೆ. ಇದಕ್ಕೆ ನನ್ನ ಬಳಿ ಎದುರುತ್ತರ ಇಲ್ಲ, ನೀನು ಹೇಳಿದ್ದು ಪೂರ್ತಿ ನಿಜ. ಹೊಸ ಮೈನ್ ನಿವಾರಕ ಹಡಗುಗಳಿಗೆ ರಕ್ಷಣಾ ಇಲಾಖೆಯ ಮೊದಲ ಹಂತದ ಒಪ್ಪಿಗೆ 2025ರ ಜುಲೈಯಲ್ಲಿ ಸಿಕ್ಕಿದೆ, ಆದರೆ ಒಪ್ಪಿಗೆಯ ಕಾಗದ ಗುಂಡು ತೆಗೆಯುವುದಿಲ್ಲ. ಹಣವನ್ನು ನನ್ನ ಕೈಗೆ ಕೊಟ್ಟು ಖರ್ಚು ಮಾಡು ಎಂದರೆ ಮೊದಲು ಆ ಹಡಗುಗಳಿಗೆ ಕೊಡುತ್ತೇನೆ, ಆಮೇಲೆ ಸಬ್‌ಮರೀನಿಗೆ, ಅದಾದ ಮೇಲೆ ಕ್ಯಾಟಪಲ್ಟ್ ಇರುವ ಮೂರನೆಯ ನೌಕೆಗೆ. ಮೂರನೆಯದು ಬೇಕೇ ಬೇಕು, ಏಕೆಂದರೆ ಎರಡರಲ್ಲಿ ಒಂದು ದುರಸ್ತಿಗೆ ಹೋದಾಗ ಎರಡು ಸಮುದ್ರಕ್ಕೂ ಸೇರಿ ಒಂದೇ ಉಳಿಯುತ್ತದೆ.

ಮಗಳೇ, ಡಿಸೆಂಬರ್ ರಜೆಯಲ್ಲಿ ಮತ್ತೆ ಕಾರವಾರಕ್ಕೆ ಹೋಗೋಣ. ಚಾಪಲ್ ಪಕ್ಕದ ಮರಳಿನಲ್ಲಿ ನಿಂತು ದಿಗಂತ ಎಷ್ಟು ಹತ್ತಿರದಲ್ಲಿದೆ ಎಂದು ನೀನೇ ಅಳೆದು ನೋಡು. ನಿನ್ನ ಎತ್ತರಕ್ಕೆ ಐದು ಕಿಲೋಮೀಟರೂ ಇರುವುದಿಲ್ಲ.