ಓದುಗರ ಸ್ಪಂದನ: ಅಪಘಾತದ ಭಯಕ್ಕೆ ಆನ್‌ಲೈನ್ ಕೌನ್ಸೆಲಿಂಗ್ ಸಾಕೇ?

ಸಮಸ್ಯೆ: ಐದು ತಿಂಗಳ ಹಿಂದೆ ಬೈಕ್ ಅಪಘಾತವಾಯಿತು. ಗಾಯ ಮಾಸಿದೆ. ಆದರೆ ಬ್ರೇಕ್ ಸದ್ದು ಕೇಳಿದರೆ ಮೈ ನಡುಗುತ್ತದೆ, ರಾತ್ರಿ ಬೆಚ್ಚಿಬಿದ್ದು ಏಳುತ್ತೇನೆ. ಬೈಕ್ ಹತ್ತಲಾಗದೆ ಕೆಲಸವನ್ನೂ ಬಿಟ್ಟೆ. ಊರಲ್ಲಿ ಮನಃಶಾಸ್ತ್ರಜ್ಞರಿಲ್ಲ. ಒಂದು ಆ್ಯಪ್ ಹತ್ತು ಸೆಷನ್‌ಗಳ ಹಣ ಮುಂಗಡ ಕೇಳುತ್ತಿದೆ. ನಮ್ಮದು ಕೂಡು ಕುಟುಂಬ, ಬಾಗಿಲು ಹಾಕಿಕೊಂಡು ಮಾತಾಡುವಂತಿಲ್ಲ. ಏನು ಮಾಡಲಿ?
– ಓದುಗಿ, ಹಾವೇರಿ ಜಿಲ್ಲೆ

ತಂಗಿ, ಆ್ಯಪ್‌ನ ಹೆಸರು ಬದಿಗಿಡಿ, ನಿಮ್ಮ ಜೊತೆ ಮಾತಾಡುವವರು ಯಾರೆಂದು ಮೊದಲು ಕೇಳಿ. ‘ಲೈಸೆನ್ಸ್ ಇರುವ ಥೆರಪಿಸ್ಟ್’ ಅಂತ ಜಾಹೀರಾತಿನಲ್ಲಿ ಯಾರು ಬೇಕಾದರೂ ಹಾಕಿಕೊಳ್ಳುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದರೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ ನೋಂದಣಿ ಸಂಖ್ಯೆ ಇರಲೇಬೇಕು. ಸಂಖ್ಯೆ ಕೇಳಿ ಪಡೆದು ಪರಿಷತ್ತಿನ ಜಾಲತಾಣದಲ್ಲಿ ಹುಡುಕಿ, ಅವಧಿ ಮುಗಿದಿಲ್ಲ ತಾನೇ ಎಂದೂ ನೋಡಿ. ಮನೋವೈದ್ಯರಾದರೆ ವೈದ್ಯಕೀಯ ಪರಿಷತ್ತಿನ ನೋಂದಣಿ ಇರುತ್ತದೆ. ಮಾತ್ರೆ ಬರೆಯಬೇಕಾದವರು ಅವರೇ. ‘ಕೌನ್ಸೆಲರ್’ ಎಂದು ಬೋರ್ಡ್ ಹಾಕಿಕೊಂಡವರಲ್ಲಿ ಎಂ.ಎಸ್ಸಿ. ಓದಿ ಪಳಗಿದವರೂ ಇದ್ದಾರೆ, ನಾಲ್ಕು ದಿನದ ಸರ್ಟಿಫಿಕೇಟಿನವರೂ ಇದ್ದಾರೆ. ಹಾಗಾಗಿ ಮಾನಸಿಕ ಆಘಾತದ ಚಿಕಿತ್ಸೆಯಲ್ಲಿ ಯಾವ ತರಬೇತಿ ಪಡೆದಿದ್ದೀರಿ ಎಂದು ನೇರವಾಗಿ ಕೇಳಿಬಿಡಿ. ಆಘಾತ ಕೇಂದ್ರಿತ ಸಿಬಿಟಿ (ಯೋಚನೆ, ವರ್ತನೆಗಳನ್ನು ತಿದ್ದುವ ಚಿಕಿತ್ಸೆ), ಪ್ರೊಲಾಂಗ್ಡ್ ಎಕ್ಸ್‌ಪೋಷರ್ (ಭಯವನ್ನು ಹಂತಹಂತವಾಗಿ ಎದುರಿಸುವ ಚಿಕಿತ್ಸೆ), ಇಎಂಡಿಆರ್ (ಕಣ್ಣಾಡಿಸುತ್ತ ಕಹಿ ನೆನಪಿನ ತೀವ್ರತೆ ಇಳಿಸುವ ಚಿಕಿತ್ಸೆ) – ಇವುಗಳಲ್ಲಿ ಒಂದಾದರೂ ಉತ್ತರದಲ್ಲಿ ಬರಬೇಕು. ‘ಪಾಸಿಟಿವ್ ಆಗಿ ಯೋಚಿಸಿ’ ಎನ್ನುವವರಿಂದ ಈ ಕೆಲಸ ಆಗದು.
– ಕ್ಲಿನಿಕಲ್ ಸೈಕಾಲಜಿಸ್ಟ್, ಮೈಸೂರು

ಸೋದರಿ, ಇಂಥ ಲಕ್ಷಣಗಳು ಒಂದು ತಿಂಗಳು ದಾಟಿದರೆ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿದುಬಿಡುವ ಮಾನಸಿಕ ಕಾಯಿಲೆ, ಇದೆಯೇ ಎಂದು ಪರೀಕ್ಷಿಸಬೇಕು. ನಿಮಗೆ ಐದು ತಿಂಗಳಾಗಿದೆ. ಒಳ್ಳೆಯ ಥೆರಪಿಸ್ಟ್ ಶುರುವಿನಲ್ಲೇ ಪಿಸಿಎಲ್-5ರಂಥ ಪ್ರಶ್ನಾವಳಿ ಕೊಡುತ್ತಾರೆ. ಅದರಲ್ಲಿ 20 ಪ್ರಶ್ನೆ, ಒಟ್ಟು 80 ಅಂಕ. ಸುಮಾರು 31–33 ದಾಟಿದರೆ ವಿವರವಾದ ತಪಾಸಣೆ ಬೇಕು ಎಂದಷ್ಟೇ ಅರ್ಥ, ಕಾಯಿಲೆ ಖಚಿತವಾಯಿತು ಅಂತಲ್ಲ. ಕೆಲವು ವಾರ ಬಿಟ್ಟು ಮತ್ತೆ ತುಂಬಿಸಬೇಕು. 10 ಅಂಕ ಇಳಿದರೆ ದಾರಿ ಸರಿಯಿದೆ. ಆರು ಸೆಷನ್ ಕಳೆದರೂ ಕದಲದಿದ್ದರೆ ವಿಧಾನ ಬದಲಿಸಿ ಎಂದು ಕೇಳುವ ಹಕ್ಕು ನಿಮಗಿದೆ.

ಆನ್‌ಲೈನ್‌ನಲ್ಲಿ ಹೆಚ್ಚಾಗಿ ಕೆಡುವುದು ಮೊದಲ ಸೆಷನ್ನೇ. ಅಪಘಾತವನ್ನು ಆರಂಭದಿಂದ ಕೊನೆಯವರೆಗೆ ಹೇಳಿಸಿಬಿಡುತ್ತಾರೆ. ಕರೆ ಮುಗಿದಾಗ ನಡುಗುವ ಮೈಯೊಡನೆ ನೀವೊಬ್ಬರೇ ಉಳಿಯುತ್ತೀರಿ, ಎರಡನೇ ಸೆಷನ್ ತಪ್ಪಿಸುತ್ತೀರಿ. ಅದಕ್ಕೇ ಮೊದಲು ಉಸಿರು, ನಿದ್ದೆ, ಮೈಯನ್ನು ಹತೋಟಿಗೆ ತರುವ ಅಭ್ಯಾಸ; ಆ ದಿನದ ಕಥೆ ಆಮೇಲೆ.

ಮುಂದಿನ ಹಂತ, ಭಯದ ಪಟ್ಟಿ. ಇದನ್ನು ಥೆರಪಿಸ್ಟ್ ಜೊತೆ ಕೂತೇ ಮಾಡಿ. ಭಯಕ್ಕೆ 0ಯಿಂದ 100ರವರೆಗೆ ಅಂಕ: ನಿಂತ ಬೈಕಿನ ಪಕ್ಕ ನಿಲ್ಲುವುದಕ್ಕೆ 30 ಇರಬಹುದು, ಎಂಜಿನ್ ಬಂದಾಗಿರುವಾಗ ಸೀಟಿನ ಮೇಲೆ ಕೂರುವುದಕ್ಕೆ 45, ಸ್ಟಾರ್ಟ್ ಮಾಡಿ ಕೂತರೆ 60, ಹಿಂದೆ ಕೂತು ಓಣಿಯಲ್ಲಿ ಒಂದು ಸುತ್ತಿಗೆ 75, ಮುಖ್ಯರಸ್ತೆಗೆ 90. ಕೆಳಗಿನದರಿಂದ ಹಿಡಿದು, ಭಯ ಅರ್ಧಕ್ಕಿಳಿಯುವವರೆಗೆ ಅಲ್ಲೇ ನಿಲ್ಲಬೇಕು, ದಿನವೂ ಮಾಡಬೇಕು. ಭಯ ನೆತ್ತಿಗೇರಿದ ಕ್ಷಣದಲ್ಲೇ ಇಳಿದು ಓಡಿದರೆ ‘ಓಡಿದ್ದಕ್ಕೇ ಬದುಕಿದೆ’ ಎಂದು ಮಿದುಳು ಕಲಿಯುತ್ತದೆ, ಮರುದಿನ ಅದೇ ಬೈಕು ಇನ್ನಷ್ಟು ಭಯ ಹುಟ್ಟಿಸುತ್ತದೆ. ಪ್ರೊಲಾಂಗ್ಡ್ ಎಕ್ಸ್‌ಪೋಷರ್‌ಗೆ ಸಾಮಾನ್ಯವಾಗಿ 8ರಿಂದ 15 ಸೆಷನ್ ಬೇಕು, ಒಂದೊಂದೂ 60–90 ನಿಮಿಷದ್ದು. ಅರ್ಧ ಗಂಟೆಯ ಪ್ಯಾಕೇಜ್‌ನಲ್ಲಿ ಇದನ್ನೆಲ್ಲ ತುರುಕಲಾಗದು.
– ಆಘಾತ ಚಿಕಿತ್ಸೆಯಲ್ಲಿ ತೊಡಗಿರುವವರು, ಬೆಂಗಳೂರು

ಮನೆಯಲ್ಲಿ ‘ಡಾಕ್ಟರ ಜೊತೆ ಫೋನಿದೆ, ಒಂದು ಗಂಟೆ ಕರೆಯಬೇಡಿ’ ಎಂದು ಹೇಳಿಬಿಡಿ ಅಕ್ಕಾ, ಅದು ಸುಳ್ಳೇನಲ್ಲ. ಮೈಕ್ ಇರುವ ಇಯರ್‌ಫೋನ್ ಹಾಕಿಕೊಳ್ಳಿ, ಬಾಗಿಲಾಚೆ ರೇಡಿಯೊ ಹಚ್ಚಿಡಿ. ಥೆರಪಿಸ್ಟ್ ಜೊತೆ ಒಂದು ಸಂಕೇತ ಗೊತ್ತು ಮಾಡಿಕೊಳ್ಳಿ: ನೀವು ‘ಹಾಲು ಬಂತು’ ಎಂದರೆ ಯಾರೋ ಒಳಬಂದಿದ್ದಾರೆ, ಅವರು ತಕ್ಷಣ ಮಾತು ಬದಲಿಸಬೇಕು. ಮಾತಾಡಲು ಆಗದ ವಿಷಯವನ್ನು ಚಾಟ್‌ನಲ್ಲಿ ಬರೆದು ಕಳಿಸಬಹುದು. ನೆಟ್‌ವರ್ಕ್ ಹೋದರೆ ಯಾರು ಯಾರಿಗೆ ಫೋನ್ ಮಾಡುವುದು ಎಂಬುದೂ ಮೊದಲೇ ತೀರ್ಮಾನವಾಗಿರಲಿ. ನೀವು ಕೂತಿರುವ ಜಾಗದ ವಿಳಾಸ, ತುರ್ತಿಗೆ ಒಬ್ಬರ ನಂಬರ್ – ಇವೆರಡನ್ನೂ ಕೇಳದ ಥೆರಪಿಸ್ಟ್ ಬೇಡವೇ ಬೇಡ. ಸೆಷನ್ ಮುಗಿದ ಕೂಡಲೇ ಒಲೆ ಮುಂದೆ ನಿಲ್ಲಬೇಡಿ, ಇಪ್ಪತ್ತು ನಿಮಿಷ ಸುಮ್ಮನೆ ಅಡ್ಡಾಡಿ.
– ದೂರವಾಣಿ ಆಪ್ತಸಮಾಲೋಚಕಿ, ಶಿವಮೊಗ್ಗ

ಹತ್ತು ಸೆಷನ್‌ಗೆ ಈಗಲೇ ಹಣ ಕಟ್ಟಬೇಡಿ. ಒಂದಕ್ಕೆ ಕಟ್ಟಿ ನೋಡಿ. ಥೆರಪಿಸ್ಟ್ ಹೊಂದದಿದ್ದರೆ ಬದಲಿಸಬಹುದೇ, ಉಳಿದ ಹಣ ವಾಪಸು ಬರುತ್ತದೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ಅದಕ್ಕೂ ಮೊದಲು 14416ಕ್ಕೆ ಕರೆ ಮಾಡಿ. ಅದು ಟೆಲಿ ಮನಸ್. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸೇವೆ, ಹಗಲೂ ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ವಾರವಾರ ನಡೆಯುವ ದೀರ್ಘ ಚಿಕಿತ್ಸೆಯನ್ನು ಅಲ್ಲಿ ನಿರೀಕ್ಷಿಸಬೇಡಿ. ನಿಮ್ಮ ಸ್ಥಿತಿ ಅಳೆದು, ಎಲ್ಲಿಗೆ ಹೋಗಬೇಕೆಂದು ಹೇಳುತ್ತಾರೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಿಮಗೆ ದೂರವೇನಲ್ಲ: ಮೊದಲ ತಪಾಸಣೆ ಅಲ್ಲಿ ಮಾಡಿಸಿ, ಮುಂದಿನದು ಫೋನಿನಲ್ಲಿ ನಡೆಯಲಿ.
– ಸಮಾಜ ಕಾರ್ಯಕರ್ತ, ಹುಬ್ಬಳ್ಳಿ

ಯಾರೂ ಕೇಳದ ಒಂದು ಪ್ರಶ್ನೆ: ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದಿತ್ತೇ, ಸ್ವಲ್ಪ ಹೊತ್ತಾದರೂ ಪ್ರಜ್ಞೆ ತಪ್ಪಿತ್ತೇ? ನಿದ್ದೆಗೇಡು, ಸಿಡುಕು, ಮರೆವು ತಲೆಪೆಟ್ಟಿನಿಂದಲೂ ಬರುತ್ತವೆ. ವಿಡಿಯೊ ಕರೆಯಲ್ಲಿ ಅದು ಗೊತ್ತಾಗದು. ಹಾಗಿದ್ದರೆ ಮೊದಲು ನರರೋಗ ತಜ್ಞರನ್ನು ಕಾಣಿ. ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ತಂದು ನುಂಗಬೇಡಿ. ಆಲ್ಪ್ರಜೋಲಾಂ ಗುಂಪಿನವು ಆಘಾತದ ಭಯವನ್ನು ವಾಸಿ ಮಾಡುವುದಿಲ್ಲ, ಚಟವಾಗಿ ಅಂಟಿಕೊಳ್ಳುತ್ತವೆ. ಸಾಯುವ ಯೋಚನೆ ಬಂದರೆ ಮುಂದಿನ ಸೆಷನ್‌ಗೆ ಕಾಯಬೇಡಿ. ಮನೆಯವರಿಗೆ ಹೇಳಿ, ಆಗಲೇ 14416 ಅಥವಾ 112ಕ್ಕೆ ಕರೆ ಮಾಡಿ.
– ವೈದ್ಯೆ, ದಾವಣಗೆರೆ