ಆಸ್ಫಾಲ್ಟೀನ್ ‘ಒಡೆಯುತ್ತದೆ’ ಎಂದರೆ ನಡೆದೀತೇ?

ಎಲ್ಲರಿಗೂ ನಮಸ್ಕಾರ.

ಕಚ್ಚಾ ತೈಲದಲ್ಲಿರುವ ಆಸ್ಫಾಲ್ಟೀನ್ ಬಗ್ಗೆ ಕಲಬುರಗಿಯ ನಮ್ಮ ಪದವಿ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಒಂದು ಪಾಠ ಬರೆಯುತ್ತಿದ್ದೇನೆ. ವಸ್ತುವಿನ ಹೆಸರಿನ ಬಗ್ಗೆ ನನ್ನ ತಕರಾರಿಲ್ಲ, ಅದು ಹಾಗೇ ಇರಲಿ. ತೈಲದಿಂದ ಹೊರಬಿದ್ದು, ಬಾವಿಯ ಕೊಳವೆಗೆ ಅಂಟಿ, ಹೀಗೆ ಅದು ಮಾಡುವ ಕೆಲಸಗಳಿಗೆ ಕ್ರಿಯಾಪದ ಬೇಕಾಗಿದೆ.

ಹೆಸರನ್ನು ಯಾಕೆ ಮುಟ್ಟುತ್ತಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. 1837ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಬೂಸಿಂಗೊ ಬಿಟುಮೆನ್ ಎಂಬ ಕಪ್ಪು ಜಿಗುಟು ವಸ್ತುವನ್ನು ಬಟ್ಟಿ ಇಳಿಸಿ, ಉಳಿದ ಡಾಂಬರಿನಂಥ ಭಾಗಕ್ಕೆ ಈ ಹೆಸರಿಟ್ಟ. ಹಾಗಂತ ಕನ್ನಡದಲ್ಲಿ ಇದನ್ನು ಡಾಂಬರು ಎನ್ನಲಾಗದು. ರಸ್ತೆಗೆ ಹಾಕುವ ಡಾಂಬರಿನಲ್ಲಿ ಆಸ್ಫಾಲ್ಟೀನ್ ಒಂದು ಪಾಲು ಮಾತ್ರ, ಜೊತೆಗೆ ರಾಳಗಳಿವೆ (ಮರದ್ದಲ್ಲ, ತೈಲದ್ದೇ ಜಿಗುಟು ಅಂಶ), ಆರೊಮ್ಯಾಟಿಕ್ ಎಣ್ಣೆಗಳಿವೆ (ಅಣುವಿನಲ್ಲಿ ಬೆಂಜೀನ್ ಥರದ ಉಂಗುರ ಇರುವಂಥವು). ಪ್ರಯೋಗಾಲಯದಲ್ಲಿ ಕಚ್ಚಾ ತೈಲಕ್ಕೆ ಹಲವು ಪಟ್ಟು ನಾರ್ಮಲ್ ಹೆಪ್ಟೇನ್ ಎಂಬ ತೆಳು ದ್ರಾವಕ ಸುರಿದು, ಸೋಸಿ, ತೊಳೆದು ಒಣಗಿಸಿದರೆ ಕಾಗದದ ಮೇಲೆ ಉಳಿಯುವುದು ಜಿಗುಟಿಲ್ಲದ, ಪುಡಿಪುಡಿಯಾದ ಕಪ್ಪು-ಕಂದು ವಸ್ತು. ಅದೇ ಪುಡಿ ಟಾಲ್ಯೂಯಿನ್ ಎಂಬ ಆರೊಮ್ಯಾಟಿಕ್ ದ್ರಾವಕದಲ್ಲಿ ಕರಗುತ್ತದೆ. ಹೆಪ್ಟೇನ್ ಬದಲು ಪೆಂಟೇನ್ ಹಾಕಿದರೆ ಪುಡಿ ಇನ್ನೂ ಜಾಸ್ತಿ ಸಿಗುತ್ತದೆ. ಅಂದರೆ ಇದು ಒಂದೇ ಅಣುವಿನ ಹೆಸರಲ್ಲ, ಯಾವುದರಲ್ಲಿ ಕರಗುತ್ತದೆ, ಯಾವುದರಲ್ಲಿ ಕರಗುವುದಿಲ್ಲ ಎಂಬುದರ ಮೇಲೆ ಗುರುತಿಸಿದ ಒಂದು ಗುಂಪಿನ ಹೆಸರು.

ಒಬ್ಬ ಮಿತ್ರರು ‘ಎಣ್ಣೆಗಸಿ’ ಎಂದು ಸೂಚಿಸಿದರು. ಗಾಣದ ಕುಸುಬಿ ಎಣ್ಣೆಗೆ ಸರಿ, ಇಲ್ಲಿಗೆ ಒಗ್ಗದು. ಗಸಿ ಎಂದೊಡನೆ ಹೆಚ್ಚಿದ್ದಷ್ಟೂ ಕಾಟ ಹೆಚ್ಚು ಅನ್ನಿಸುತ್ತದೆ. ಇಲ್ಲಿ ಲೆಕ್ಕವೇ ಉಲ್ಟಾ. ವೆನೆಜುವೆಲಾದ ಬೋಸ್ಕಾನ್ ತೈಲದಲ್ಲಿ ಶೇ 17ರ ಆಸುಪಾಸು ಆಸ್ಫಾಲ್ಟೀನ್ ಇದ್ದರೂ ಬಾವಿಗಳಲ್ಲಿ ಅದರ ಕಾಟ ಅಷ್ಟಾಗಿಲ್ಲ. ಅಲ್ಜೀರಿಯಾದ ಹಾಸಿ ಮೆಸೌದ್ ತೈಲದಲ್ಲಿ ಶೇ 0.15ರಷ್ಟಿದ್ದೂ ಬಾವಿಯ ಕೊಳವೆಗಳು ಕಟ್ಟಿಕೊಂಡು ದೊಡ್ಡ ತಲೆನೋವಾಯಿತು. ದಪ್ಪ ತೈಲದಲ್ಲಿ ಆಸ್ಫಾಲ್ಟೀನನ್ನು ಹಿಡಿದಿಡಲು ರಾಳ, ಆರೊಮ್ಯಾಟಿಕ್‌ಗಳು ಧಾರಾಳವಾಗಿರುತ್ತವೆ. ಅನಿಲ ತುಂಬಿಕೊಂಡ ತೆಳು ತೈಲಕ್ಕೆ ಆ ಶಕ್ತಿ ಕಡಿಮೆ. ಮೇಲೇರುತ್ತ ಒತ್ತಡ ಇಳಿದಂತೆ ಅದರೊಳಗಿನ ಹಗುರ ಅಂಶಗಳು ಹಿಗ್ಗುತ್ತವೆ; ಇನ್ನೇನು ಅನಿಲದ ಗುಳ್ಳೆ ಏಳಬೇಕು ಎನ್ನುವ ಒತ್ತಡದ ಹತ್ತಿರ ಹಿಡಿದಿಡುವ ಶಕ್ತಿ ತೀರಾ ಕುಗ್ಗುತ್ತದೆ. ಅನಿಲ ಬಿಟ್ಟುಹೋದ ಮೇಲೆ ಉಳಿದ ತೈಲ ಮತ್ತೆ ಸುಧಾರಿಸಿಕೊಳ್ಳುತ್ತದೆ. ಹಾಗಾಗಿ ಕೊಳವೆ ಉದ್ದಕ್ಕೂ ಒಂದೇ ಸಮ ಕಟ್ಟಿಕೊಳ್ಳುವುದಿಲ್ಲ, ಒಂದು ಪಟ್ಟೆಯಲ್ಲಿ ಹೆಚ್ಚು.

ಇನ್ನು ಕ್ರಿಯಾಪದಗಳು. ಮೊದಲ ಹಂತದಲ್ಲಿ ಸಣ್ಣ ಕಣಗಳು ತೈಲದಿಂದ ಹೊರಬೀಳುತ್ತವೆ. ಪಠ್ಯಪುಸ್ತಕದ ‘ಪ್ರಕ್ಷೇಪ’ ಇದೆ, ಪರೀಕ್ಷೆಗೆ ಸಾಕು. ತರಗತಿಯಲ್ಲಿ ಆಳಂದದ ಹುಡುಗನೊಬ್ಬ, “ಸರ್, ಹಾಲು ಒಡದಂಗ ಎಣ್ಣಿ ಒಡದದ ಅಂದ್ರ ಆಯ್ತಲ್ರೀ” ಎಂದ. ನನಗೆ ಬಹಳ ಹಿಡಿಸಿತು. ತೊಡಕು ಒಂದೇ: ಬಾವಿಯಿಂದ ತೈಲದ ಜೊತೆ ಬರುವ ನೀರು ಅದರೊಳಗೆ ಹನಿಹನಿಯಾಗಿ ಬೆರೆತುಕೊಂಡಿರುತ್ತದೆ, ಆ ಎಮಲ್ಷನ್ ಬಿಡಿಸುವುದಕ್ಕೂ ‘ಒಡೆಯುವುದು’ ಎಂದೇ ಬರೆಯುತ್ತೇವೆ. ನೀರಹನಿಗಳ ಸುತ್ತ ಪೊರೆಗಟ್ಟಿ ಅವು ಒಂದಾಗದಂತೆ ತಡೆಯುವುದೂ ಇದೇ ಆಸ್ಫಾಲ್ಟೀನ್! ಒಂದೇ ಪುಟದಲ್ಲಿ ಒಂದು ಒಡೆತ ಬೇಡ, ಇನ್ನೊಂದು ಬೇಕು ಎಂದರೆ ಓದುವವರ ಗತಿಯೇನು? ಆಸ್ಫಾಲ್ಟೀನಿಗೆ ‘ಒಡೆ’, ಎಮಲ್ಷನ್‌ಗೆ ‘ನೀರು ಬಿಡಿಸು’ ಎಂದು ಹಂಚುವುದು ನನ್ನ ಅಂದಾಜು.

ಕಣಗಳು ಒಟ್ಟುಗೂಡುವುದಕ್ಕೆ ‘ಗಂಟುಗಟ್ಟು’ ಸಾಕು. ಗೋಡೆಗೆ ಅಂಟುವುದಕ್ಕೆ ಅನುವಾದಗಳಲ್ಲಿ ಬರುವ ‘ನಿಕ್ಷೇಪ’ ಮಾತ್ರ ಖಂಡಿತ ಬೇಡ. ತೈಲ ನಿಕ್ಷೇಪ ಎಂದರೆ ನೆಲದೊಳಗಿನ ಸಂಪತ್ತು. ‘ಆಸ್ಫಾಲ್ಟೀನ್ ನಿಕ್ಷೇಪ ಪತ್ತೆ’ ಎಂದು ಬರೆದರೆ ಜನ ಖುಷಿಪಟ್ಟಾರು. ನಮ್ಮ ಕಡೆಯ ‘ಹತ್ತು’ ಚೆನ್ನಾಗಿದೆ: ಕೊಳವೆಗೆ ಹತ್ತಿದೆ.

ನನ್ನನ್ನು ನಿಜವಾಗಿ ಕಾಡುತ್ತಿರುವುದು ‘ಕರಗು’. ಬೆಣ್ಣೆ ಬಿಸಿಗೆ ಕರಗುತ್ತದೆ, ಸಕ್ಕರೆ ನೀರಿಗೆ ಕರಗುತ್ತದೆ, ಎರಡಕ್ಕೂ ನಮ್ಮಲ್ಲಿ ಒಂದೇ ಮಾತು. ಕೊಳವೆಗೆ ಹತ್ತಿದ ಮೇಣವನ್ನು ಕಾಯಿಸಿ ಕರಗಿಸಬಹುದು. ಆಸ್ಫಾಲ್ಟೀನ್ ಹಾಗಲ್ಲ, ಎಷ್ಟು ಕಾಯಿಸಿದರೂ ಮೇಣದಂತೆ ನೀರಾಗದು, ಕೊನೆಗೆ ಕೆಟ್ಟು ಕೋಕ್ ಎಂಬ ಗಟ್ಟಿ ಇದ್ದಿಲಿನಂಥದ್ದಾಗುತ್ತದೆ. ಅದಕ್ಕೇ ಬಾವಿಯೊಳಗೆ ಟಾಲ್ಯೂಯಿನ್ ಇಲ್ಲವೇ ಜೈಲೀನ್ ಇಳಿಸಿ, ನೆನೆಯಲು ಬಿಟ್ಟು, ಆಮೇಲೆ ಹೊರತೆಗೆಯುತ್ತಾರೆ. ಗಟ್ಟಿಯಾಗಿದ್ದರೆ ಉಪಕರಣ ಇಳಿಸಿ ಕೆರೆಯುತ್ತಾರೆ. ‘ಕರಗಿಸಿ ತೆಗೆಯುತ್ತಾರೆ’ ಎಂದು ಬರೆದಿದ್ದಕ್ಕೆ ಅರ್ಧ ತರಗತಿ ‘ಕಾಯಿಸುತ್ತಾರೆ’ ಎಂದು ಉತ್ತರ ಬರೆದಿತ್ತು. ‘ವಿಲೀನ’ ಎಂದರೆ ಬ್ಯಾಂಕುಗಳು ನೆನಪಾಗುತ್ತವೆ. ಇನ್ನು ಕೆಲವು ರಾಸಾಯನಿಕಗಳು ಕರಗಿಸುವುದೇ ಇಲ್ಲ, ಕಣಗಳು ಗಂಟುಗಟ್ಟದಂತೆ ಬಿಡಿಬಿಡಿಯಾಗಿ ಇಡುತ್ತವೆ. ಅದಕ್ಕೆ ‘ಚದುರಿಸಿಡು’ ಎಂದಿದ್ದೇನೆ.

ಸಂಸ್ಕರಣಾಗಾರದ್ದು ಬೇರೆ ಕಥೆ. ಬಾವಿಯಲ್ಲಿ ಒಡೆಯಬಾರದು ಎಂದು ಕಾಯುವುದನ್ನು ಅಲ್ಲಿ ಬೇಕೆಂದೇ ಒಡೆಸುತ್ತಾರೆ. ಬಟ್ಟಿಯ ತಳದ ಎಣ್ಣೆಗೆ ಒತ್ತಡದಲ್ಲಿ ದ್ರವವಾಗಿರುವ ಪ್ರೊಪೇನ್ ಅಥವಾ ಬ್ಯೂಟೇನ್ ಬೆರೆಸಿದರೆ ಆಸ್ಫಾಲ್ಟೀನ್, ಅದರ ಜೊತೆ ಒಂದಷ್ಟು ರಾಳ ಕೆಳಗಿಳಿಯುತ್ತವೆ. ಮುಂದಿನ ಘಟಕಗಳ ವೇಗವರ್ಧಕ ಕೆಡಿಸುವ ನಿಕಲ್, ವೆನೇಡಿಯಂ ಬಹುಪಾಲು ಅದರೊಂದಿಗೇ ಹೋಗುತ್ತವೆ. ಇದಕ್ಕೆ ‘ನಿರ್ಡಾಂಬರೀಕರಣ’ ಎಂಬ ಪದ ಕಂಡೆ. ಡಾಂಬರೀಕರಣ ಎಂದರೆ ರಸ್ತೆ ಕೆಲಸ ಎಂದು ಎಲ್ಲರಿಗೂ ಗೊತ್ತು. ಅದರ ವಿರುದ್ಧದ ಕೆಲಸವನ್ನು ನಮ್ಮೂರಲ್ಲಿ ಮಳೆಯೇ ಪುಕ್ಕಟೆ ಮಾಡಿಕೊಡುತ್ತದೆ. ‘ಆಸ್ಫಾಲ್ಟೀನ್ ಇಳಿಸುವುದು’ ಎಂದರೆ ಸಾಲದೇ?

ಗಾಣದ ಕೆಲಸ, ಡಾಂಬರಿನ ಕೆಲಸ, ಗ್ಯಾರೇಜಿನ ಕೆಲಸ ಬಲ್ಲವರು ಬೀದರ, ಹುಮನಾಬಾದ, ಸುರಪುರ ಕಡೆ ಇದ್ದರೆ ತಿಳಿಸಿ: ಕೈಗೆ ಹತ್ತಿದ ಜಿಡ್ಡನ್ನು ಸೀಮೆಎಣ್ಣೆ ಹಚ್ಚಿ ಬಿಡಿಸುವಾಗ ನಿಮ್ಮಲ್ಲಿ ಏನೆನ್ನುತ್ತಾರೆ? ‘ಕರಗಿಸು’ ಬಿಟ್ಟು ಬೇರೆ ಕ್ರಿಯಾಪದ ಇದ್ದರೆ ಅದೇ ನನಗೆ ಬೇಕಾದದ್ದು.